ನ್ಯಾಯಬೆಲೆಯ ಇನ್ನೊಂದು ಮಗ್ಗಲು



ನಮ್ಮೂರಿನ ರೇಶನ್ ಅಂಗಡಿಯ ಹಲಗೆಯ ಮೇಲೆ 'ನ್ಯಾಯಬೆಲೆ ಅಂಗಡಿ' ಎಂದು ಬರೆದಿರುತ್ತದೆ. ಚಿಕ್ಕಂದಿನಿಂದ ಓದಿಕೊಂಡು ಬಂದ ಮಾತು. ಬಹಳ ವರ್ಷ ನಾನು ಆ ಮಾತನ್ನು ಒಂದೇ ಕಡೆಯಿಂದ ನೋಡಿದೆ. ನ್ಯಾಯಬೆಲೆ ಎಂದರೆ ಕೊಳ್ಳುವವರ ಕೈಗೆ ಎಟುಕುವ ಬೆಲೆ, ಅಷ್ಟೇ. ಚೀಲ ಹಿಡಿದು ಸರದಿಯಲ್ಲಿ ನಿಂತಾಗ, ಇದನ್ನು ಬೆಳೆದವರಿಗೆ ಎಷ್ಟು ಸಿಕ್ಕಿತು ಎಂಬ ಪ್ರಶ್ನೆ ಮನಸ್ಸಿಗೆ ಬರಲೇ ಇಲ್ಲ. ಅತ್ತ ಅಡತಿ ಅಂಗಡಿಯ ಮುಂದೆ ಜೋಳದ ಚೀಲ ಇಳಿಸಿಕೊಂಡು ಕೂತ ರೈತನಿಗೂ, ಈ ಕಾಳು ನಾಳೆ ಯಾರ ತಾಟಿಗೆ ಎಷ್ಟು ದರದಲ್ಲಿ ಹೋಗಿ ಬೀಳುತ್ತದೆ ಎಂಬುದು ಗೊತ್ತಿರುವುದಿಲ್ಲ. ನಡುವೆ ದಲಾಲಿ, ಹಮಾಲಿ, ತೂಕ, ಲಾರಿ ಬಾಡಿಗೆ, ಗೋದಾಮು. ಬೆಳೆದವರು ಒಂದು ದಂಡೆಯಲ್ಲಿ, ಉಣ್ಣುವವರು ಇನ್ನೊಂದು ದಂಡೆಯಲ್ಲಿ.

ಈ ಎರಡು ದಂಡೆಗಳನ್ನು ಒಂದೇ ಊರಿನ ಅಂಗಳದಲ್ಲಿ ಕೂಡಿಸಿದ ಹೆಣ್ಣುಮಕ್ಕಳು ನಮ್ಮ ನೆರೆಯಲ್ಲೇ ಇದ್ದಾರೆ. ಅವರ ಕೆಲಸದ ಬಗ್ಗೆ ಮಾತಾಡಲು ಇವತ್ತು ಬಂದಿದ್ದೇನೆ.

ಬೀದರಿನಿಂದ ಹೈದರಾಬಾದಿನ ದಿಕ್ಕಿಗೆ ಹೊರಟರೆ ತಾಸೊಳಗೆ ಜಹೀರಾಬಾದ್ ಸಿಗುತ್ತದೆ. ಈಗ ಅದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವ ತನಕ ಅದು ಬೀದರ ಜಿಲ್ಲೆಯ ತಾಲೂಕೇ ಆಗಿತ್ತು. ಗಡಿ ನಡುವೆ ಬಂತು, ಮಣ್ಣು ಬದಲಾಗಲಿಲ್ಲ. ಅದೇ ಕೆಂಪು ನೆಲ, ಅದೇ ಜೋಳ, ತೊಗರಿ, ಅದೇ ರೊಟ್ಟಿ. ಅಲ್ಲಿ ಮಾತು ತೆಲುಗು, ಊಟ ನಮ್ಮದೇ.

1983ರಲ್ಲಿ ಆಗಿನ ಆಂಧ್ರಪ್ರದೇಶದ ಮುಖ್ಯಮಂತ್ರಿ ಎನ್.ಟಿ. ರಾಮರಾವ್ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಡುವ ಯೋಜನೆ ತಂದರು. ಹಸಿದವರ ಹೊಟ್ಟೆಗೆ ಅದು ಆಸರೆ ಆಯಿತು, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಒಣಭೂಮಿಯ ಊರುಗಳಲ್ಲಿ ಇನ್ನೊಂದು ನಡೆಯಿತು. ಎರಡು ರೂಪಾಯಿಗೆ ಅಕ್ಕಿ ಮನೆ ಬಾಗಿಲಿಗೆ ಬರುವಾಗ, ಮೈಮುರಿದು ಬೆಳೆದ ಜೋಳವನ್ನು ಕೇಳುವವರು ಕಡಿಮೆಯಾದರು. ಸರ್ಕಾರ ಹಂಚಿದ ಎಕರೆ, ಎರಡೆಕರೆ ಕಲ್ಲುನೆಲ ಪಡೆದಿದ್ದ ದಲಿತ ಕುಟುಂಬಗಳ ಹೊಲಗಳು ಬೀಳುಬಿದ್ದವು. ಹೊಲ ಬೀಳುಬಿದ್ದರೆ ಕಳೆ ಕೀಳುವ ಕೂಲಿ ಹೋಯಿತು. ಕಣಕಿ ಇಲ್ಲವಾಗಿ ದನಗಳನ್ನು ಮಾರಬೇಕಾಯಿತು. ದನ ಹೋದ ಮೇಲೆ ಗೊಬ್ಬರವೂ ಹೋಯಿತು. ಅಕ್ಕಿ ಕೊಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಜೋಳವನ್ನು ಮರೆತದ್ದು ತಪ್ಪು.

ಅದೇ 1983ರಲ್ಲಿ ಜಹೀರಾಬಾದ್ ಹತ್ತಿರದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಹುಟ್ಟಿಕೊಂಡಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರು ಪಿ.ವಿ. ಸತೀಶ್, ನಮ್ಮ ಮೈಸೂರಿನಲ್ಲಿ ಹುಟ್ಟಿದವರು. ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು ಕ್ಯಾಮೆರಾ ಕೆಳಗಿಟ್ಟು ಹಳ್ಳಿಗಳಲ್ಲಿ ನೆಲೆಸಿದರು. ಅವರು ಮೊದಲು ಕಲಿತದ್ದು ಕೇಳಿಸಿಕೊಳ್ಳುವುದನ್ನು. ಊರೂರಿನಲ್ಲಿ ಬಡ ಹೆಣ್ಣುಮಕ್ಕಳ ಸಂಘಗಳಾದವು. ಇವತ್ತಿಗೆ ಸುಮಾರು 75 ಹಳ್ಳಿಗಳಲ್ಲಿ ಐದು ಸಾವಿರದಷ್ಟು ಮಹಿಳೆಯರು, ಹೆಚ್ಚಿನವರು ದಲಿತರು.

ತೊಂಬತ್ತರ ದಶಕದ ನಡುವಿನಲ್ಲಿ ಈ ಹೆಣ್ಣುಮಕ್ಕಳು ಒಂದು ಲೆಕ್ಕ ಹಾಕಿದರು. ಬೀಳು ಹೊಲ ನಮ್ಮಲ್ಲಿದೆ, ದುಡಿಯುವ ಕೈ ನಮ್ಮಲ್ಲಿದೆ, ಹಸಿದ ಹೊಟ್ಟೆಯೂ ನಮ್ಮಲ್ಲೇ ಇದೆ. ಹಾಗಿದ್ದ ಮೇಲೆ ರೇಶನ್ ದೂರದಿಂದ ಏಕೆ ಬರಬೇಕು? ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆಯ ನೆರವು ಸಿಕ್ಕಿತು. ಮೂವತ್ತಕ್ಕೂ ಹೆಚ್ಚು ಹಳ್ಳಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಎಕರೆ ಬೀಳು ನೆಲ ಮತ್ತೆ ಉಳುಮೆಗೆ ಬಂತು.

ಕ್ರಮ ಹೀಗಿತ್ತು. ಹೊಲದ ಒಡೆಯರಿಗೆ ಎಕರೆಗೆ ಇಂತಿಷ್ಟೆಂದು ಸಾಲ. ಅದನ್ನು ಒಂದೇ ಸಲ ಕೈಗೆ ಹಾಕುತ್ತಿರಲಿಲ್ಲ. ಉಳುಮೆಯಾದ ಮೇಲೆ ಒಂದಿಷ್ಟು, ಗೊಬ್ಬರ ಹೇರಿದ ಮೇಲೆ ಒಂದಿಷ್ಟು, ಕಳೆ ತೆಗೆದ ಮೇಲೆ ಒಂದಿಷ್ಟು. ಕೆಲಸ ಆಗಿದೆಯೇ ಎಂದು ನೋಡಲು ಊರಿನ ಸಂಘದ ಹೆಣ್ಣುಮಕ್ಕಳೇ ಹೊಲಕ್ಕೆ ಹೋಗುತ್ತಿದ್ದರು. ರಾಸಾಯನಿಕ ಗೊಬ್ಬರ ಇಲ್ಲ, ತಿಪ್ಪೆ ಗೊಬ್ಬರವೇ ಆಗಬೇಕು. ಸಾಲವನ್ನು ರೊಕ್ಕದಲ್ಲಿ ತೀರಿಸುವ ಹಾಗಿಲ್ಲ, ಜೋಳದಲ್ಲೇ ತೀರಿಸಬೇಕು, ಐದು ವರ್ಷದ ಕಂತಿನಲ್ಲಿ. ರೊಕ್ಕದ ಸಾಲ ಇದ್ದ ರೈತನಿಗೆ ಸುಗ್ಗಿಯಲ್ಲಿ ದರ ಬಿದ್ದಾಗಲೇ ಮಾರುವ ಒತ್ತಾಯ ಇರುತ್ತದೆ. ಸಾಲದವನು ಬಾಗಿಲಲ್ಲಿ ನಿಂತಿರುತ್ತಾನಲ್ಲ. ಕಾಳಿನ ಸಾಲದಲ್ಲಿ ಆ ಕುಣಿಕೆ ಇಲ್ಲ. ದರ ಏರಲಿ ಇಳಿಯಲಿ, ಕೊಡಬೇಕಾದ ಸೇರು ಅಷ್ಟೇ.

ಹೀಗೆ ಬಂದ ಜೋಳ ಊರಲ್ಲೇ ಉಳಿಯುತ್ತಿತ್ತು. ಬೂದಿ, ಬೇವಿನ ಎಲೆ ಬೆರೆಸಿ ಕಾಪಿಟ್ಟ ಕಾಳು. ಇದನ್ನು ಹೇಳುವಾಗ ನನಗೆ ನಮ್ಮ ಆಯಿಯ ಮನೆಯ ಹಗೇವು ಕಣ್ಣಿಗೆ ಕಟ್ಟುತ್ತದೆ. ಇಂದಿನ ಹುಡುಗರು ಹಗೇವು ನೋಡಿರಲಿಕ್ಕಿಲ್ಲ. ಗಟ್ಟಿ ನೆಲದಲ್ಲಿ ಬಾವಿಯ ಹಾಗೆ ತೋಡಿ, ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆದ ದಿನ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲಿ ಎಂದು ಕಾದು, ದೀಪ ಇಳಿಬಿಟ್ಟು, ಅದು ಆರದೆ ಉಳಿದರೆ ಮಾತ್ರ ಮನುಷ್ಯ ಇಳಿಯಬೇಕು. ಬರ ಬಂದ ವರ್ಷ ಊರಿಗೆ ಊರೇ ಹಗೇವಿನ ಕಡೆ ನೋಡುತ್ತಿತ್ತು. ಆದರೆ ಒಂದು ಮಾತು ಮುಚ್ಚಿಡಬಾರದು. ಹಗೇವು ಇದ್ದದ್ದು ಉಳ್ಳವರ ಮನೆಯಲ್ಲಿ. ಇಲ್ಲದವರು ಸೆರಗೊಡ್ಡಿ ಬಂದು ನಿಲ್ಲಬೇಕಿತ್ತು, ಒಯ್ದದ್ದಕ್ಕೆ ಹೊಲದಲ್ಲಿ ದುಡಿದು ತೀರಿಸಬೇಕಿತ್ತು. ಜೋಳದ ಋಣ ಎಂಬ ಮಾತಿಗೆ ನಮ್ಮ ಕನ್ನಡದಲ್ಲಿ ದೊಡ್ಡ ಚರಿತ್ರೆ ಇದೆ. ಹಳೆಯ ಕಾವ್ಯಗಳ ವೀರರು ಜೋಳವಾಳಿಗಾಗಿ, ಅಂದರೆ ಉಂಡ ಜೋಳದ ಋಣಕ್ಕಾಗಿ, ಪ್ರಾಣ ಕೊಟ್ಟರು. ಪಸ್ತಾಪುರದ ಸುತ್ತಿನ ಹೆಣ್ಣುಮಕ್ಕಳು ಮಾಡಿದ ದೊಡ್ಡ ಕೆಲಸ ಇದು: ಯಾರ ಋಣಕ್ಕೂ ಬೀಳದೆ ಬಡವರೇ ಒಡೆಯರಾಗಿರುವ ಒಂದು ಹಗೇವು ಕಟ್ಟಿಕೊಂಡರು.

ಇನ್ನು ಹಂಚುವ ಬಗೆ. ಯಾರು ಬಡವರು ಎಂದು ತೀರ್ಮಾನಿಸುವುದು ಯಾರು? ನಮ್ಮಲ್ಲಿ ಅದನ್ನು ಕಚೇರಿ ತೀರ್ಮಾನಿಸುತ್ತದೆ. ಅಲ್ಲಿ ಊರು ತೀರ್ಮಾನಿಸಿತು. ಅಗಸೆಯ ಹತ್ತಿರ ಬಯಲಿನಲ್ಲಿ ಊರಿನವರೆಲ್ಲ ಸೇರಿ, ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿ, ಒಂದೊಂದು ಮನೆಯನ್ನೂ ಗುರುತಿಸಿದರು. ಈ ಮನೆಯಲ್ಲಿ ದುಡಿಯುವ ಗಂಡಸಿಲ್ಲ. ಆ ಮನೆಯಲ್ಲಿ ಹೊಲ ಇದೆ, ಎತ್ತಿಲ್ಲ. ಇನ್ನೊಂದರಲ್ಲಿ ಮುದುಕಿ ಒಬ್ಬಳೇ. ಹೀಗೆ ಎಲ್ಲರ ಎದುರಿಗೆ ಮಾತಾಡಿ ಬಡತನಕ್ಕೆ ದರ್ಜೆ ಹಾಕಿದರು. ಕಡು ಬಡವರಿಗೆ ಹೆಚ್ಚು ಜೋಳ, ಸ್ವಲ್ಪ ಅನುಕೂಲ ಇದ್ದವರಿಗೆ ಕಡಿಮೆ. ಸುಗ್ಗಿಯ ಕಾಳು ಖಾಲಿಯಾಗಿ ಹೊಸ ಬೆಳೆ ಇನ್ನೂ ಬಾರದ ಮಳೆಗಾಲದ ತಿಂಗಳುಗಳಲ್ಲಿ, ಪೇಟೆಯ ದರಕ್ಕಿಂತ ಕಡಿಮೆಗೆ ಮಾರಾಟ. ಬಂದ ರೊಕ್ಕ ಬ್ಯಾಂಕಿಗೆ, ಊರ ಧಾನ್ಯನಿಧಿಯ ಖಾತೆಗೆ. ಮುಂದಿನ ಬೀಳು ಹೊಲಕ್ಕೆ ಅದೇ ಬಂಡವಾಳ.

ಎದುರಿಗೆ ಕೂತ ನೆರೆಯವಳ ಮುಂದೆ ನಾನು ಅವಳಿಗಿಂತ ಬಡವಿ ಎಂದು ಸುಳ್ಳು ಹೇಳುವುದು ಸುಲಭವಲ್ಲ. ಇಲ್ಲಿಂದ ಬಸವಕಲ್ಯಾಣ ಬಹಳ ದೂರ ಇಲ್ಲ. ಅಲ್ಲಿನ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದದ್ದು ಇಷ್ಟಲ್ಲ, ತಂದಲ್ಲೇ ಹಾಕಿ ಬಾ ಎಂದು ಕಳಿಸಿದಳು. ಆ ತೂಕ, ಆ ನೇರ ನಡೆ ಈ ನೆಲದ ಹೆಣ್ಣುಮಕ್ಕಳಿಗೆ ಹೊಸದಲ್ಲ.

ತಾಟಿನ ಮಾತಿಗೆ ಬರೋಣ. ಬೀಳು ನೆಲಕ್ಕೆ ಮತ್ತೆ ಬಂದದ್ದು ಜೋಳ ಒಂದೇ ಅಲ್ಲ. ಅಕ್ಕಡಿ ಸಾಲಿನಲ್ಲಿ ತೊಗರಿ, ಹೆಸರು, ಉದ್ದು, ಅಲಸಂದಿ, ಪುಂಡಿ, ಎಳ್ಳು ಬಂದವು. ಒಂದು ಎಕರೆಯಲ್ಲಿ ಇಪ್ಪತ್ತು ಬಗೆ ಬೆಳೆಯುವ ಹೆಣ್ಣುಮಕ್ಕಳು ಅಲ್ಲಿದ್ದಾರೆ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಅದರ ಜೊತೆಗೆ ಯಾರೂ ಬಿತ್ತದೆ ಬರುವ ಸೊಪ್ಪುಗಳು. ನಮ್ಮ ಕಡೆ ಹತ್ತರಕಿ, ಕಿರಕಸಾಲಿ ಎನ್ನುತ್ತೇವಲ್ಲ, ಬಿಸಿ ರೊಟ್ಟಿಯ ಜೊತೆ ಹಸಿದೇ ತಿನ್ನುತ್ತೇವಲ್ಲ, ಅಂಥವು. ಪುಸ್ತಕ ಅವನ್ನು ಕಳೆ ಎನ್ನುತ್ತದೆ. ಬಡವರ ಮನೆಯಲ್ಲಿ ಅದು ಪಲ್ಯ. ಕಳೆನಾಶಕ ಹೊಡೆದ ಹೊಲದಲ್ಲಿ ಈ ಪಲ್ಯ ಸಾಯುತ್ತದೆ, ಸತ್ತದ್ದು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಈ ಲೆಕ್ಕ ಯಾಕೆ ಮುಖ್ಯ ಎಂದರೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ನಮ್ಮ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ. 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇವರಲ್ಲಿ ಹೊಟ್ಟೆ ತುಂಬಿದ ಮಕ್ಕಳೂ ಇದ್ದಾರೆ. ತುಂಬಿದ್ದು ಅನ್ನ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಊಟ ನೆನಪಿಸಿಕೊಳ್ಳಿ: ಸಜ್ಜೆ ರೊಟ್ಟಿ, ಎಲ್ಲ ಕಾಳು, ಎಲ್ಲ ಸೊಪ್ಪು ಕೂಡಿಸಿದ ಭಜ್ಜಿ, ಅಂಬಲಿ, ಶೇಂಗಾದ ಹಿಂಡಿ. ಒಂದು ದಿನ ದೇವರ ಹೆಸರಲ್ಲಿ ನಾವು ಮಾಡುವ ಆ ಊಟ ಮಕ್ಕಳ ತಾಟಿಗೆ ವಾರಕ್ಕೆ ಎರಡು ದಿನ ಬಂದರೂ ಆ ಅಂಕಿ ಇಳಿದೀತು ಎಂದು ನಾನು ನಂಬಿದ್ದೇನೆ.

ಬಾನುಲಿಯಲ್ಲಿ ಕೂತು ಮಾತಾಡುವಾಗ ಇದೊಂದನ್ನು ಹೇಳದೆ ಹೋಗಲಾರೆ. ಈ ಹೆಣ್ಣುಮಕ್ಕಳಿಗೆ ತಮ್ಮದೇ ಬಾನುಲಿ ಇದೆ. ಮಾಚನೂರು ಎಂಬ ಹಳ್ಳಿಯ ಸಂಘಂ ರೇಡಿಯೋ, 90.4 ಮೆಗಾಹರ್ಟ್ಸ್. 2008ರ ಅಕ್ಟೋಬರ್ 15ರಂದು ಅದನ್ನು ಉದ್ಘಾಟಿಸಿದವರು ನ್ಯಾಯಮೂರ್ತಿ ಪಿ.ಬಿ. ಸಾವಂತ್. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟಿನ ಪೀಠದಲ್ಲಿ ತೀರ್ಪು ಬರೆದವರು ಅವರೇ. ಬಾನುಲಿ ಕೇಂದ್ರದ ಕಟ್ಟಡ, ಯಂತ್ರ ಎಲ್ಲ ಬಹಳ ಮೊದಲೇ ಸಿದ್ಧವಾಗಿದ್ದವು. ಪರವಾನಗಿಗಾಗಿ ವರ್ಷಗಟ್ಟಲೆ ಕಾದರು, ಕಾಯುವಾಗ ಧ್ವನಿಮುದ್ರಿಸಿದ್ದನ್ನು ಊರೂರಿನ ಸಂಘಗಳಿಗೆ ಒಯ್ದು ಕೇಳಿಸಿದರು. ಯಾವ ಬೀಜ ಯಾರ ಮನೆಯಲ್ಲಿದೆ, ಯಾವ ಸೊಪ್ಪು ಬಾಣಂತಿಗೆ ಒಳ್ಳೆಯದು ಎಂದು ಅವರದೇ ಆಡುಮಾತಿನಲ್ಲಿ ಅಲ್ಲಿ ಬಿತ್ತರವಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಹಳೆ ಬೆಳೆಗಳ ಜಾತ್ರೆ ಹೊರಡುತ್ತದೆ. ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಬೀಜದ ಮಡಕೆ ಹೊತ್ತು ತಿಂಗಳ ಕಾಲ ಊರಿಂದ ಊರಿಗೆ. 2019ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಸತೀಶ್ ಅವರು ತೀರಿಕೊಂಡದ್ದು 2023ರ ಮಾರ್ಚ್ 19ರಂದು, ಜಗತ್ತೆಲ್ಲ ಸಿರಿಧಾನ್ಯ ವರ್ಷ ಎಂದು ಆಚರಿಸುತ್ತಿದ್ದಾಗಲೇ.

'ಫೇರ್ ಟ್ರೇಡ್', ಅಂದರೆ ಬೆಳೆದವರಿಗೂ ನ್ಯಾಯವಾದ ವ್ಯಾಪಾರ, ಎಂಬ ಮಾತು ಈಚೆಗೆ ನಮ್ಮ ಕಿವಿಗೂ ಬೀಳುತ್ತಿದೆ. 1988ರಲ್ಲಿ ಹಾಲೆಂಡಿನಲ್ಲಿ ಮೆಕ್ಸಿಕೋ ರೈತರ ಕಾಫಿ ಪೊಟ್ಟಣದ ಮೇಲೆ ಅಂಥ ಮೊದಲ ಗುರುತು ಬಂತು. ಆ ಚಳವಳಿಯ ಉದ್ದೇಶ ದೊಡ್ಡದು, ಅದಕ್ಕೆ ನನ್ನ ಗೌರವ ಇದೆ. ಆದರೆ ಇಂಥ ಗುರುತಿಗೆ, ಸಾವಯವ ಎಂಬ ಮುದ್ರೆಗೆ, ತಪಾಸಣೆಯ ಶುಲ್ಕ ಕಟ್ಟಬೇಕು. ಎರಡೆಕರೆಯವಳು ಎಲ್ಲಿಂದ ಕಟ್ಟಿಯಾಳು? ಅದಕ್ಕೆ ಜಹೀರಾಬಾದಿನ ಸಂಘಗಳು ಸಹಭಾಗಿ ಖಾತರಿ ಎಂಬ ದಾರಿ ಹಿಡಿದವು. ಅಕ್ಕಪಕ್ಕದ ರೈತರೇ ಗುಂಪಾಗಿ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ, ವಿಷ ಹಾಕಿಲ್ಲ ಎಂದು ಜವಾಬು ಹೇಳುವುದು. ಒಬ್ಬಳು ತಪ್ಪಿದರೆ ಗುಂಪಿನ ಹೆಸರೇ ಕೆಡುತ್ತದೆ, ಆದ್ದರಿಂದ ಕಣ್ಣು ಚುರುಕಾಗಿರುತ್ತದೆ.

ಈಗ ಗಡಿಯ ಈಚೆ ಬರೋಣ. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ತೀರ್ಥ ಎಂಬ ಊರು. 2018ರಲ್ಲಿ ಅಲ್ಲಿ ಹದಿನೈದು ಮಂದಿ ಹೆಣ್ಣುಮಕ್ಕಳು ಬೀಬಿ ಫಾತಿಮಾ ಸ್ವಸಹಾಯ ಸಂಘ ಕಟ್ಟಿದರು. ಸಹಜ ಸಮೃದ್ಧ ಸಂಸ್ಥೆ ಬೆನ್ನಿಗೆ ನಿಂತಿತು. ಅವರ ಕೆಲಸ ಶುರುವಾದದ್ದು ಬೀಜದಿಂದ. ಸಾಮೆ, ನವಣೆ, ಹಾರಕ, ಊದಲು, ಕೊರಲೆ ಬೀಜ ಕೂಡಿಹಾಕಿ ಊರಿನ ಬೀಜ ಬ್ಯಾಂಕ್ ಮಾಡಿದರು. ಆಮೇಲೆ ಸಾಮೆ, ನವಣೆಯ ನಿಜವಾದ ತೊಡಕಿಗೆ ಕೈಹಾಕಿದರು, ಅದು ಹೊಟ್ಟು ಬಿಡಿಸುವುದು. ಜೋಳ, ರಾಗಿಯನ್ನು ನೇರ ಬೀಸಬಹುದು. ಸಾಮೆಯ ಮೇಲಿನ ಗಟ್ಟಿ ಸಿಪ್ಪೆ ಹೋಗದೆ ಅದು ಅಕ್ಕಿ ಆಗುವುದಿಲ್ಲ. ಹಿಂದೆ ಒನಕೆಯಲ್ಲಿ ಕುಟ್ಟಿ ಕುಟ್ಟಿ ಹೆಣ್ಣುಮಕ್ಕಳ ರಟ್ಟೆ ಬೀಳುತ್ತಿತ್ತು. ಕುಟ್ಟುವವರು ಬೇಸತ್ತದ್ದರಿಂದಲೇ ಎಷ್ಟೋ ಮನೆಗಳಿಂದ ಸಾಮೆ ಮರೆಯಾಯಿತು ಎಂದು ನನ್ನ ತಿಳಿವಳಿಕೆ. ಹತ್ತಿರ ಯಂತ್ರ ಇಲ್ಲದಿದ್ದರೆ ರೈತ ಸಿಪ್ಪೆ ಸಮೇತ ವ್ಯಾಪಾರಿಗೆ ಮಾರುತ್ತಾನೆ. ಶುಚಿಮಾಡಿ ಅಕ್ಕಿ ಮಾಡಿದವನ ಕೈಗೆ ಲಾಭ ಹೋಗುತ್ತದೆ. ತೀರ್ಥದ ಹೆಣ್ಣುಮಕ್ಕಳು ಸೌರಶಕ್ತಿಯ ನೆರವಿನಿಂದ ನಡೆಯುವ ಸಂಸ್ಕರಣಾ ಘಟಕವನ್ನು ಊರಲ್ಲೇ ಇಟ್ಟುಕೊಂಡರು. ಆ ಒಂದು ಯಂತ್ರದಿಂದ ಲಾಭದ ದೊಡ್ಡ ಪಾಲು ಊರಲ್ಲೇ ನಿಂತಿತು. ಸುತ್ತಿನ ಮೂವತ್ತರಷ್ಟು ಹಳ್ಳಿಗಳಿಗೆ ಅವರ ಕೆಲಸ ಹಬ್ಬಿದೆ. 2025ರಲ್ಲಿ ಅದೇ ಈಕ್ವೇಟರ್ ಪ್ರಶಸ್ತಿ ಈ ಸಂಘಕ್ಕೂ ಬಂತು.

ಇಷ್ಟಾದರೂ ನನ್ನೊಳಗೆ ಒಂದು ಕಳವಳ ಉಳಿದಿದೆ. ಸಿರಿಧಾನ್ಯಕ್ಕೆ ಹೆಸರು ಬಂದ ಮೇಲೆ ನಗರದ ಅಂಗಡಿಯಲ್ಲಿ ಸಾಮೆ ಅಕ್ಕಿ ಕಿಲೋಗೆ ನೂರು ರೂಪಾಯಿ ದಾಟಿದೆ. ಸಕ್ಕರೆ ಕಾಯಿಲೆಯ ಭಯದಿಂದ ಪೇಟೆಯವರು ಒಯ್ಯುತ್ತಾರೆ. ಒಯ್ಯಲಿ, ಸಂತೋಷ. ಆದರೆ ಬೆಳೆದವಳ ಮನೆಯ ಮಗು ರೇಶನ್ ಅನ್ನವನ್ನೇ ಉಣ್ಣುತ್ತಿದ್ದರೆ, ಬೆಲೆ ಎಷ್ಟೇ ಬರಲಿ, ಅದಕ್ಕೆ ನ್ಯಾಯಬೆಲೆ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಪಸ್ತಾಪುರದ ಹೆಣ್ಣುಮಕ್ಕಳು ಮೊದಲು ತಮ್ಮೂರಿನ ಕಣಜ ತುಂಬಿ ಆಮೇಲೆ ಪೇಟೆಯ ಕಡೆ ನೋಡಿದರು. ಆ ಅನುಕ್ರಮ ತಪ್ಪಬಾರದು.

ನಮ್ಮ ಕಲಬುರಗಿ ಜಿಲ್ಲೆಯಲ್ಲೂ ಒಳ್ಳೆಯ ಕೆಲಸ ನಡೆದಿದೆ. ಮನೆಮನೆಯಲ್ಲಿ ರೊಟ್ಟಿ ತಟ್ಟಿ ಮಾರುತ್ತಿದ್ದ ಹೆಣ್ಣುಮಕ್ಕಳ ಸಂಘಗಳನ್ನು ಕೂಡಿಸಿ ಜಿಲ್ಲಾಡಳಿತ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಹೊರಗಿನ ಪೇಟೆಗೆ ದಾರಿ ಮಾಡಿತು. ತಟ್ಟುವ ಕೈಗೆ ಬೆಲೆ ಬಂತು. ಇನ್ನು ಆ ರೊಟ್ಟಿಯ ಜೋಳ ಯಾರ ಹೊಲದ್ದು, ಅವರಿಗೆ ಏನು ಸಿಕ್ಕಿತು ಎಂಬ ಕಡೆಗೂ ನಾವು ಕಣ್ಣು ಹೊರಳಿಸಬೇಕು.

ಅದಕ್ಕೆ ಬಾಗಿಲು ಈಗಾಗಲೇ ಇದೆ. ಜೋಳ, ರಾಗಿಯನ್ನು ಬೆಂಬಲ ಬೆಲೆಗೆ ಕೊಂಡು ಪಡಿತರದಲ್ಲಿ ಕೊಡುವ ಕ್ರಮ ನಮ್ಮ ರಾಜ್ಯದಲ್ಲಿದೆ, ದಕ್ಷಿಣಕ್ಕೆ ರಾಗಿ, ಉತ್ತರಕ್ಕೆ ಜೋಳ. 2025-26ರ ಮುಂಗಾರು ಹಂಗಾಮಿಗೆ ಕೇಂದ್ರ ಘೋಷಿಸಿದ ಬೆಲೆ ಮಾಲ್ದಂಡಿ ಜೋಳಕ್ಕೆ ಕ್ವಿಂಟಲಿಗೆ 3749 ರೂಪಾಯಿ, ರಾಗಿಗೆ 4886 ರೂಪಾಯಿ. ಆ ಪಟ್ಟಿಯಲ್ಲಿ ಸಾಮೆ, ನವಣೆ, ಕೊರಲೆಗೆ ಪ್ರತ್ಯೇಕ ಸಾಲು ಇಲ್ಲ. ಖರೀದಿ ಕೇಂದ್ರ ಸುಗ್ಗಿ ಮುಗಿದ ಮೇಲೆ ತೆರೆದರೆ ಸಣ್ಣ ರೈತನ ಕಾಳು ಅಷ್ಟರಲ್ಲಿ ಅಡತಿಗೆ ಹೋಗಿರುತ್ತದೆ. ಕಣದಲ್ಲಿ ರಾಶಿ ಇರುವಾಗಲೇ ಕೇಂದ್ರ ತೆರೆಯಬೇಕು.

ಕೇಳುಗರೆ, ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟು. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ, ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ. ನಮ್ಮ ತಾಲೂಕಿನ ಜೋಳ ನಮ್ಮ ತಾಲೂಕಿನ ರೇಶನ್ ಅಂಗಡಿಗೆ ಬರಲಿ, ಸುಗ್ಗಿಯಲ್ಲೇ ಖರೀದಿ ಆಗಲಿ ಎಂದು ಠರಾವು ಬರೆಸಿ. ನಿಮ್ಮೂರಿನ ಸ್ವಸಹಾಯ ಸಂಘದ ಖಾತೆಯಲ್ಲಿ ರೊಕ್ಕ ಸುಮ್ಮನೆ ಕೂತಿದ್ದರೆ ಹತ್ತು ಚೀಲ ಜೋಳ ಕೊಂಡು ಇಡಿ. ಆಷಾಢದಲ್ಲಿ ಊರಿನ ಬಡವರಿಗೆ ಕೊಂಡ ದರಕ್ಕೇ ಕೊಡಿ. ಹತ್ತೇ ಚೀಲ ಸಾಕು, ಶುರು ಮಾಡಿ.